ಗೋಡೆ ಕುಸಿದು ಶಾಲೆ ಮುಚ್ಚಿದೆ. ಮಕ್ಕಳ ಸಂಪರ್ಕ ತಪ್ಪದಂತೆ ಏನು ಮಾಡಬಹುದು?

ಹಳ್ಳದಾಚೆ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಊರಿನ ಹೆಸರು ಇಲ್ಲಿ ಬೇಡ. ಕಳೆದ ವಾರದ ಮಳೆಗೆ ರಾತ್ರಿ ಹೊತ್ತು ಹಿಂದಿನ ಎರಡು ಕೊಠಡಿಗಳ ಗೋಡೆ ಕುಸಿಯಿತು. ಆಗ ಒಳಗೆ ಯಾರೂ ಇರಲಿಲ್ಲ, ಅದೇ ಪುಣ್ಯ. ಇಂಜಿನಿಯರ್ ಬಂದು ನೋಡಿದರು. ಉಳಿದ ಕೊಠಡಿಗಳಲ್ಲೂ ಮಕ್ಕಳನ್ನು ಕೂರಿಸಬೇಡಿ ಅಂತ ಬರೆದು ಕೊಟ್ಟಿದ್ದಾರೆ. ಜಿಲ್ಲೆಗೆಲ್ಲ ಕೊಟ್ಟಿದ್ದ ಮಳೆ ರಜೆ ಮುಗಿದು ಬೇರೆ ಶಾಲೆಗಳು ಶುರುವಾಗಿವೆ. ನಮ್ಮದು ಮಾತ್ರ ಮುಂದಿನ ಆದೇಶ ಬರುವವರೆಗೆ ಬಂದ್.

ಒಂದರಿಂದ ಏಳನೇ ತರಗತಿವರೆಗೆ 43 ಮಕ್ಕಳಿದ್ದಾರೆ. ಕೆಲವರು ಶಾಲೆ ಪಕ್ಕದ ಕೇರಿಯವರು, ಕೆಲವರು ಹಳ್ಳದ ಆಚೆಯವರು, ಉಳಿದವರು ಗುಡ್ಡದ ಮೇಲಿನ ಒಂಟಿ ಮನೆಗಳವರು. ಪೋಷಕರ ವಾಟ್ಸಾಪ್ ಗ್ರೂಪ್ ಇದೆ. ಆದರೆ ಇಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಸುಮ್ಮನಾಗುತ್ತದೆ. "ಈ ಶಾಲೆ ಇನ್ನು ತೆಗೆಯೋದಿಲ್ಲವಂತೆ" ಅಂತ ಯಾರೋ ಗ್ರೂಪಿನಲ್ಲಿ ಹಾಕಿದ್ದಾರೆ. ಅದು ಸುಳ್ಳು. ಆದರೂ ಮರುದಿನವೇ ಇಬ್ಬರು ಪೋಷಕರು ಟಿಸಿ ಕೇಳಿದರು.

ಪಾಠವನ್ನು ಆಮೇಲೆ ಹೇಗಾದರೂ ಮುಗಿಸಬಹುದು. ಆದರೆ ಶಾಲೆ ಇದೆ, ಟೀಚರ್ ಇದ್ದಾರೆ, ಜೊತೆಗಾರರು ಇದ್ದಾರೆ ಅಂತ ಪ್ರತಿ ಮನೆಗೂ ದಿನವೂ ಗೊತ್ತಾಗುತ್ತಿರಬೇಕು. ಇಂಥ ಪರಿಸ್ಥಿತಿ ಕಂಡವರು ದಯವಿಟ್ಟು ಹೇಳಿ, ಏನು ಮಾಡಿದಿರಿ?

ಘಟ್ಟದ ಮೇಲಿನವ

ಧೈರ್ಯವಾಗಿರಿ ಟೀಚರ್. ಮೊದಲು ಟಿಸಿ ಕೇಳಿದವರ ಮನೆಗೆ ಹೋಗಿ. ಫೋನ್ ಮಾಡಬೇಡಿ, ಮನೆಗೇ ಹೋಗಿ ಕೂತು ಮಾತಾಡಿ.

ರಾಗಿಮುದ್ದೆ

ಎರಡು ಮೂರು ವಾರಕ್ಕೆ ಇಷ್ಟು ತಲೆಬಿಸಿ ಯಾಕೆ ಅಂತ ನನಗೆ ಅರ್ಥ ಆಗಲಿಲ್ಲ. ದಕ್ಷಿಣ ಕನ್ನಡ, ಉಡುಪಿ, ಕೊಡಗು, ಚಿಕ್ಕಮಗಳೂರಿನಲ್ಲಿ ಮಳೆ ಜೋರಾದಾಗ ಜಿಲ್ಲಾಧಿಕಾರಿ ರಜೆ ಕೊಡುತ್ತಾರೆ. ಆಮೇಲೆ ಶನಿವಾರ ಮಧ್ಯಾಹ್ನ ಕ್ಲಾಸ್ ಇಟ್ಟು ಸರಿ ಮಾಡುತ್ತಾರೆ. ನಿಮ್ಮಲ್ಲೂ ಹಾಗೇ ಮಾಡಿದರಾಯಿತು.

ಹಳೇ ಹೆಡ್‌ಮೇಷ್ಟ್ರು

ಮುದ್ದೆಯವರೇ, ಇದು ಮಳೆ ರಜೆಯಂಥದ್ದಲ್ಲ. ಮಳೆ ರಜೆಯಲ್ಲಿ ಎಲ್ಲ ಶಾಲೆಯೂ ಒಟ್ಟಿಗೆ ಮುಚ್ಚುತ್ತದೆ, ಒಟ್ಟಿಗೆ ತೆರೆಯುತ್ತದೆ. ಇಲ್ಲಿ ಒಂದೇ ಶಾಲೆ ಮುಚ್ಚಿದೆ. ಪಕ್ಕದೂರಿನ ಖಾಸಗಿ ಶಾಲೆಯ ವ್ಯಾನ್ ದಿನಾ ಬೆಳಿಗ್ಗೆ ಇದೇ ಮನೆಗಳ ಮುಂದೆ ಹಾದುಹೋಗುತ್ತದೆ. ಅಪ್ಪ ಅಮ್ಮನಿಗೆ ಏನು ಅನ್ನಿಸಬೇಡ?

ದಿನಗಳ ಲೆಕ್ಕ ಏನೂ ದೊಡ್ಡದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ಶನಿವಾರ, ದಸರಾ ರಜೆ ಹಿಡಿದು ಅದನ್ನು ತುಂಬಬಹುದು. ಆದರೆ ಟಿಸಿ ಹೋದ ಮಗು ವಾಪಸ್ ಬರುವುದು ಕಷ್ಟ. 43ರಲ್ಲಿ ಆರೇಳು ಮಕ್ಕಳು ಹೋದರೆ ಮುಂದಿನ ವರ್ಷ ಒಬ್ಬ ಶಿಕ್ಷಕರನ್ನು ಹೆಚ್ಚುವರಿ ಅಂತ ಬೇರೆ ಕಡೆ ಹಾಕುತ್ತಾರೆ. ಶಿಕ್ಷಕರು ಕಡಿಮೆಯಾದರು ಅಂತ ಮತ್ತೆ ನಾಲ್ಕು ಮಕ್ಕಳು ಹೋಗುತ್ತಾರೆ. ಸಣ್ಣ ಶಾಲೆಗಳು ಖಾಲಿಯಾಗುವುದೇ ಹೀಗೆ. ಟೀಚರ್ ಚಿಂತೆ ಮಾಡುತ್ತಿರುವುದು ಸರಿಯಾಗಿಯೇ ಇದೆ.

ರಾಗಿಮುದ್ದೆ

ಸರ್, ಹೆಚ್ಚುವರಿ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ ಒಂದು ಮಾತು: ಟಿಸಿ ಕೇಳಿದವರನ್ನು ಯಾರೂ ಬೈಯಬೇಡಿ. ಅವರಿಗೂ ಮಗುವಿನ ಚಿಂತೆ ಇರುತ್ತದಲ್ವಾ.

ಹಳೇ ಹೆಡ್‌ಮೇಷ್ಟ್ರು

ಅದನ್ನು ನೂರಕ್ಕೆ ನೂರು ಒಪ್ಪುತ್ತೇನೆ.

ಮಲಪ್ರಭಾ ದಂಡೆ

ನಾವು ಬಾದಾಮಿ ಕಡೆಯವರು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಡ್ಯಾಂನಿಂದ ನೀರು ಬಿಟ್ಟಾಗ ಮಲಪ್ರಭಾ ದಂಡೆಯ ಊರುಗಳಿಗೆಲ್ಲ ನೀರು ನುಗ್ಗಿತ್ತು. ನಮ್ಮೂರ ಶಾಲೆಯೊಳಗೂ ನೀರು. ನೀರು ಇಳಿದ ಮೇಲೆ ನೋಡಿದರೆ ಕಿಟಕಿ ಮಟ್ಟದವರೆಗೆ ಕೆಸರಿನ ಗುರುತು, ನೆಲದ ತುಂಬಾ ರಾಡಿ. ಪುಸ್ತಕ, ದಾಖಲೆ ಎಲ್ಲ ಒದ್ದೆ.

ಮಕ್ಕಳು ದಿಕ್ಕಿಗೊಬ್ಬರಾಗಿದ್ದರು. ಕೆಲವರು ಕಾಳಜಿ ಕೇಂದ್ರದಲ್ಲಿ, ಕೆಲವರು ಅಜ್ಜಿ ಮನೆಯಲ್ಲಿ, ಕೆಲವರು ಅಪ್ಪ ಅಮ್ಮನ ಜೊತೆ ದುಡಿಯಲು ಗೋವಾ ಕಡೆ ಹೊರಟಿದ್ದರು. ಆಗ ನಮ್ಮ ಗುರುಗಳು ಒಂದು ಕೆಲಸ ಮಾಡಿದರು. ಹೊಸ ನೋಟ್‌ಬುಕ್ ತಗೊಂಡು ಎಲ್ಲ ಮಕ್ಕಳ ಹೆಸರು ಬರೆದರು. ಹೆಸರಿನ ಮುಂದೆ ಮಗು ಈಗ ಎಲ್ಲಿದೆ, ಯಾರ ಜೊತೆ ಇದೆ, ಯಾವ ನಂಬರಿಗೆ ಫೋನ್ ಮಾಡಿದರೆ ಸಿಗುತ್ತದೆ ಅಂತ ಬರೆದರು. ದಿನಾ ಸಂಜೆ ಒಂದಷ್ಟು ಮನೆಗಳಿಗೆ ಫೋನ್. "ಹೆಂಗದೀಯಪ್ಪ, ಊಟ ಆತಾ" ಅಷ್ಟೇ ಮಾತು. ಪಾಠದ ಸುದ್ದಿಯೇ ಇಲ್ಲ. ನನ್ನ ತಮ್ಮ ಆಗ ಐದನೇ ತರಗತಿ. ಆ ಫೋನಿಗೆ ಕಾಯುತ್ತಿದ್ದ. ಗೋವಾಕ್ಕೆ ಹೋದವರೂ ದಸರಾ ಮುಗಿಯುವಷ್ಟರಲ್ಲಿ ಮಕ್ಕಳನ್ನು ಅಜ್ಜ ಅಜ್ಜಿ ಹತ್ತಿರ ಬಿಟ್ಟು ಶಾಲೆಗೆ ಕಳಿಸಿದರು.

ಟೀಚರ್, ನಿಮ್ಮದು 43 ಮಕ್ಕಳು. ಒಂದು ನೋಟ್‌ಬುಕ್ ಸಾಕು. ಭಾಳ ದೊಡ್ಡ ಕೆಲಸ ಅಲ್ಲ.

ಹಳ್ಳದಾಚೆ ಟೀಚರ್

ಇದು ತುಂಬಾ ಇಷ್ಟವಾಯಿತು. ಇವತ್ತೇ ಶುರು ಮಾಡುತ್ತೇನೆ.

ಕೋಡ್ ಕನ್ನಡಿಗ

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸಂಜೆ ಆರು ಗಂಟೆಗೆ ಆನ್‌ಲೈನ್ ಕ್ಲಾಸ್ ತಗೊಳ್ಳಲು ನಾನೂ ನನ್ನ ಸ್ನೇಹಿತರೂ ರೆಡಿ. ಗಣಿತ, ಇಂಗ್ಲಿಷ್ ಎರಡೂ ಮಾಡುತ್ತೇವೆ. ಹಳೇ ಟ್ಯಾಬ್‌ಗಳೂ ಇವೆ, ಕಳಿಸಬಹುದು.

ಘಟ್ಟದ ಮೇಲಿನವ

ತಮ್ಮಾ, ಒಳ್ಳೆಯ ಮನಸ್ಸು ನಿಮ್ಮದು. ಆದರೆ ಟೀಚರ್ ಬರೆದದ್ದನ್ನು ಇನ್ನೊಮ್ಮೆ ಓದಿ. ಕರೆಂಟ್ ಹೋದರೆ ಅಲ್ಲಿ ಟವರೂ ಇರುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಎರಡು ದಿನ ಇರದಿದ್ದರೆ ಟ್ಯಾಬ್ ಚಾರ್ಜ್ ಮಾಡುವುದೆಲ್ಲಿ?

ಕೋಡ್ ಕನ್ನಡಿಗ

ಹಾಗಾದರೆ ವಿಡಿಯೋ ಮಾಡಿ ಮೆಮೊರಿ ಕಾರ್ಡಿಗೆ ಹಾಕಿ ಕಳಿಸಬಹುದಲ್ಲ? ನೆಟ್ ಬೇಕಾಗುವುದಿಲ್ಲ.

ಶಿರಸಿ ಅಕ್ಕೋರು

ಅದೂ ಇರಲಿ, ಬೇಡ ಅನ್ನುವುದಿಲ್ಲ. ಆದರೆ 2020ರಲ್ಲಿ ಕಂಡದ್ದನ್ನು ಹೇಳುತ್ತೇನೆ. ಕೊರೊನಾ ಬಂದು ಶಾಲೆ ಮುಚ್ಚಿದಾಗ ಮೊದಲು ಎಲ್ಲರೂ ಫೋನಿನ ಹಿಂದೆಯೇ ಬಿದ್ದರು. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು. ಪಾಠ ಚೆನ್ನಾಗಿಯೇ ಇತ್ತು. ಆದರೆ ಟಿವಿ ಮುಂದೆ ಕೂತ ಮಗುವಿಗೆ "ಇದು ಅರ್ಥ ಆಯ್ತಾ" ಅಂತ ಕೇಳುವವರು ಬೇಕಲ್ಲ.

ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಬಂತು. ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಏನೂ ಇಲ್ಲದವರು ಅಂತ ಮಕ್ಕಳನ್ನು ಗುಂಪು ಮಾಡಿ, ನಾವೇ ಅವರಿದ್ದಲ್ಲಿಗೆ ಹೋದೆವು. ದೇವಸ್ಥಾನದ ಜಗುಲಿ, ಅರಳಿ ಕಟ್ಟೆ, ಅಡಿಕೆ ಒಣಗಿಸುವ ಅಂಗಳ, ಯಾರದೋ ಮನೆಯ ಪಡಸಾಲೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ನಾನು ನಿಜವಾಗಿ ಮಕ್ಕಳ ಮನೆ ನೋಡಿದ್ದು ಆ ವರ್ಷವೇ. ಯಾವ ಹುಡುಗಿ ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಬರುತ್ತಾಳೆ, ಯಾರ ಮನೆಯಲ್ಲಿ ಓದಲು ಬೆಳಕಿಲ್ಲ, ಎಲ್ಲ ಗೊತ್ತಾಯಿತು. ಅಕ್ಕೋರು ಮನೆಗೆ ಬಂದರು ಅಂತ ಮಕ್ಕಳಿಗೆ ಎಷ್ಟು ಸಂಭ್ರಮ!

ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ಅದನ್ನು ನಿಲ್ಲಿಸಿದರು. ಆಗ ಆ ಭಯಕ್ಕೆ ಕಾರಣ ಇತ್ತು, ಶಿಕ್ಷಕರೂ ಕಾಯಿಲೆ ಬಿದ್ದರು. ನಿಮ್ಮಲ್ಲಿ ಈಗ ಆ ಭಯ ಇಲ್ಲ. ಹಾಗಾಗಿ ವಠಾರ ಶಾಲೆ ಶುರು ಮಾಡಿ. ಮೂರು ಕಡೆ ಮಕ್ಕಳಿದ್ದಾರೆ, ಮೂರು ಗುಂಪು ಮಾಡಿ. ಶಿಕ್ಷಕರು ಎಷ್ಟು ಜನ ಇದ್ದೀರಿ?

ಹಳ್ಳದಾಚೆ ಟೀಚರ್

ನಾವು ಮೂವರು. ಜೊತೆಗೆ ಒಬ್ಬರು ಅತಿಥಿ ಶಿಕ್ಷಕಿ ಇದ್ದಾರೆ, ಗುಡ್ಡದ ಮೇಲಿನವರೇ.

ಶಿರಸಿ ಅಕ್ಕೋರು

ಮತ್ತೇನು ಬೇಕು! ಗುಡ್ಡದ ಗುಂಪು ಅವರಿಗೇ ಕೊಡಿ. ಚಿಕ್ಕ ಮಕ್ಕಳಿಗೆ ನಲಿ ಕಲಿ ಕಾರ್ಡುಗಳಿವೆಯಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ನಲಿ ಕಲಿ ಶುರುವಾದದ್ದೇ ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವುದಕ್ಕೆ. ಜಗುಲಿ ಮೇಲೆ ಕೂತ ಎಂಟು ಮಕ್ಕಳಿಗೆ ಅದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ. ಕಾರ್ಡು ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ.

ಅಂಕಿ ಅಂಶ

ಕಲಿಕೆ ಆಮೇಲೆ ನೋಡಿಕೊಳ್ಳಬಹುದು ಅನ್ನುವವರಿಗೆ ಒಂದು ಮಾಹಿತಿ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಅಧ್ಯಯನ ಮಾಡಿತ್ತು. ಎರಡರಿಂದ ಆರನೇ ತರಗತಿಯ 16,067 ಮಕ್ಕಳನ್ನು ನೋಡಿದರು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯದಲ್ಲಿ ಕನಿಷ್ಠ ಒಂದನ್ನಾದರೂ ಮರೆತವರು ಶೇ. 92. ಗಣಿತದಲ್ಲಿ ಶೇ. 82. ಮಕ್ಕಳು ಹೊಸದು ಕಲಿಯುವುದು ನಿಲ್ಲುವುದಷ್ಟೇ ಅಲ್ಲ, ಕಲಿತದ್ದನ್ನೂ ಮರೆಯುತ್ತಾರೆ.

ಹಳೇ ಹೆಡ್‌ಮೇಷ್ಟ್ರು

ಅಂಕಿ ಸರಿಯಾಗಿದೆ, ಆದರೆ ಹೋಲಿಕೆ ಸರಿಯಿಲ್ಲ. ಅಲ್ಲಿ ಹತ್ತು ತಿಂಗಳು ಶಾಲೆ ಮುಚ್ಚಿತ್ತು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಕೆಲವು ವಾರದ ವಿಷಯಕ್ಕೆ ಆ ಲೆಕ್ಕ ತಂದು ಪೋಷಕರನ್ನು ಹೆದರಿಸಬಾರದು. ಈಗ ಅವರಿಗೆ ಬೇಕಾದದ್ದು ಧೈರ್ಯ.

ಅಂಕಿ ಅಂಶ

ಹೆದರಿಸಲು ಹೇಳಲಿಲ್ಲ ಸರ್. ಕೆಲವು ವಾರ ಅನ್ನುವುದು ಕೆಲವು ತಿಂಗಳಾಗಬಾರದು ಅಂತ ಹೇಳಿದೆ. ಕಟ್ಟಡ ದುರಸ್ತಿ ಎಷ್ಟು ಬೇಗ ಆಗುತ್ತದೆ ಅಂತ ನಮಗೆಲ್ಲ ಗೊತ್ತಲ್ಲ.

ಎಸ್‌ಡಿಎಂಸಿ ಅಪ್ಪ

ಇದು ಸರಿಯಾದ ಮಾತು. ನಾನು ಬೇರೆ ತಾಲ್ಲೂಕಿನ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷನಾಗಿದ್ದವನು. ಕಾಗದ ಇವತ್ತೇ ಓಡಬೇಕು. ಎಸ್‌ಡಿಎಂಸಿ ಸಭೆ ಕರೆದು ನಿರ್ಣಯ ಬರೆಯಿರಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ತಹಶೀಲ್ದಾರರಿಗೆ, ಗ್ರಾಮ ಪಂಚಾಯಿತಿಗೆ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಿದ್ದ ಗೋಡೆಯ ಫೋಟೋ, ಇಂಜಿನಿಯರ್ ವರದಿ ಜೊತೆಗಿರಲಿ. ದುರಸ್ತಿ ಒಂದು ಅರ್ಜಿ, ತಾತ್ಕಾಲಿಕ ಜಾಗ ಇನ್ನೊಂದು ಅರ್ಜಿ. ಎರಡನ್ನೂ ಸೇರಿಸಬೇಡಿ. ಸೇರಿಸಿದರೆ ಒಂದಕ್ಕಾಗಿ ಇನ್ನೊಂದು ನಿಲ್ಲುತ್ತದೆ.

ಆ ಸುಳ್ಳು ಸುದ್ದಿಗೆ ಗ್ರೂಪಿನಲ್ಲಿ ಜಗಳ ಬೇಡ. ಅರ್ಜಿಗೆ ಬಿದ್ದ ಮುದ್ರೆಯ ಫೋಟೋ ಹಾಕಿ. ಅದೇ ಉತ್ತರ.

ಕುಂದಾಪ್ರದವಳು

ವಠಾರ ಶಾಲೆ ಒಳ್ಳೆಯದು. ಆದರೆ ಹಳ್ಳದ ಆಚೆಯ ಮಕ್ಕಳನ್ನು ಈಚೆ ಕರೆಯಬೇಡಿ, ದಮ್ಮಯ್ಯ. 2022ರ ಆಗಸ್ಟ್‌ನಲ್ಲಿ ಬೈಂದೂರು ಕಡೆ ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದ ಎರಡನೇ ತರಗತಿಯ ಮಗು ಕಾಲುಸಂಕದಿಂದ (ನಡೆದು ದಾಟುವ ಕಿರುಸೇತುವೆ) ಹೊಳೆಗೆ ಬಿದ್ದು ತೀರಿಕೊಂಡಿತು. ಆ ದಿನ ನಮ್ಮ ಕಡೆ ಯಾವ ಮನೆಯಲ್ಲೂ ಊಟ ಸೇರಲಿಲ್ಲ. ನೀರು ಜಾಸ್ತಿ ಇದ್ದರೆ ಟೀಚರೂ ದಾಟಬಾರದು. ಅವತ್ತು ಗುಂಪು ಇಲ್ಲ ಅಂದರೆ ಇಲ್ಲ.

ಹಳ್ಳದಾಚೆ ಟೀಚರ್

ಖಂಡಿತ ಅಕ್ಕ. ನೀರು ಏರಿದ ದಿನ ಆಚೆಯವರಿಗೆ ಏನು ಮಾಡುವುದು ಅಂತಲೇ ಯೋಚನೆ.

ಅಡಿಕೆ ತೋಟ

ಆ ದಿನಕ್ಕೆ ಒಂದು ಉಪಾಯ ಹೇಳುತ್ತೇನೆ. ಮಳೆ ಅಳೆಯಲು ಕಲಿಸಿ. ನಮ್ಮ ಕಡೆ ತೋಟದವರು ಹೇಗೂ ಮಳೆ ಬರೆದಿಡುತ್ತಾರೆ. ಪ್ರತಿ ಮಗುವೂ ಮನೆ ಅಂಗಳದಲ್ಲಿ ಒಂದು ಬಾಟಲಿ ಇಟ್ಟು, ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಹಿಡಿದು ನೋಡಲಿ. ಸಾದಾ ಫೋನಿನಲ್ಲಿ ಟೀಚರಿಗೆ ಒಂದು ಕರೆ, ಅಥವಾ ಹಾಲು ತರುವವರ ಕೈಯಲ್ಲಿ ಚೀಟಿ. "ನಮ್ಮನೇಲಿ 84 ಮಿಲಿಮೀಟರ್." ಅಷ್ಟೇ ಸಾಕು. ಮಗು ಕ್ಷೇಮ ಅಂತ ನಿಮಗೂ ಗೊತ್ತಾಗುತ್ತದೆ, ನೀವು ಕೇಳುತ್ತೀರಿ ಅಂತ ಮಗುವಿಗೂ ಗೊತ್ತಾಗುತ್ತದೆ. ಎಲ್ಲರ ಲೆಕ್ಕ ಒಂದು ಚಾರ್ಟಿನಲ್ಲಿ ಬರೆದರೆ ಇಡೀ ಊರಿನ ಮಳೆ ನಕ್ಷೆ.

ಎರಡು ಲೀಟರ್ ಕೂಲ್‌ಡ್ರಿಂಕ್ಸ್ ಬಾಟಲಿ ಕುತ್ತಿಗೆ ಹತ್ತಿರ ಕತ್ತರಿಸಿದರೆ ಆಯಿತು.

ವಿಜ್ಞಾನ ಮೇಷ್ಟ್ರು

ಚೆಂದದ ಯೋಚನೆ. ಒಂದು ತಿದ್ದುಪಡಿ: ಆ ಬಾಟಲಿಯ ತಳ ಉಬ್ಬುತಗ್ಗು ಇರುತ್ತದೆ. ನೇರವಾಗಿ ಅಳೆದರೆ ತಪ್ಪು ಲೆಕ್ಕ ಬರುತ್ತದೆ. ತಳಕ್ಕೆ ಕಲ್ಲು ಹಾಕಿ, ಬಾಟಲಿ ನೇರವಾಗುವ ಜಾಗದವರೆಗೆ ನೀರು ತುಂಬಿ, ಅಲ್ಲಿ ಗೆರೆ ಎಳೆದು ಸೊನ್ನೆ ಅಂತ ಬರೆಯಿರಿ. ಅಲ್ಲಿಂದ ಮೇಲಕ್ಕೆ ಅಳೆಯಬೇಕು. ಕತ್ತರಿಸಿದ ಕುತ್ತಿಗೆಯನ್ನು ತಲೆಕೆಳಗಾಗಿ ಮೇಲೆ ಕೂರಿಸಿ, ಎಲೆ ಬೀಳುವುದಿಲ್ಲ. ಮರದ ಕೆಳಗೆ, ಸೂರಿನ ಹತ್ತಿರ ಇಡಬಾರದು.

ಆರು, ಏಳನೇ ತರಗತಿಗೆ ಇದರಲ್ಲೇ ಗಣಿತ ಇದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಸೂರಿನ ಮೇಲೆ 100 ಮಿ.ಮೀ. ಬಿದ್ದರೆ 10,000 ಲೀಟರ್. ಮಕ್ಕಳು ಬಾಯಿ ಮೇಲೆ ಬೆರಳಿಡುತ್ತಾರೆ.

ಮಲಪ್ರಭಾ ದಂಡೆ

84 ಮಿಲಿಮೀಟರ್ ಒಂದೇ ದಿನಕ್ಕಾ! ನಮ್ಮಲ್ಲಿ ಅಷ್ಟು ಬಿದ್ದರೆ ಊರೇ ಮಾತಾಡುತ್ತದೆ.

ಅಡಿಕೆ ತೋಟ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿ.ಮೀ. ಹತ್ತಿರ ಬೀಳುತ್ತದೆ ಅಣ್ಣ. 84 ನಮಗೆ ಸಾಧಾರಣ ದಿನ. ಅಜ್ಜಿಯರನ್ನೂ ಸೇರಿಸಿಕೊಳ್ಳಿ ಟೀಚರ್. ಪುನರ್ವಸು ಹೇಗಿತ್ತು, ಪುಷ್ಯ ಹೇಗಿದೆ ಅಂತ ಅವರು ಹೇಳುವುದನ್ನು ಮಕ್ಕಳು ಬರೆದುಕೊಂಡು ತಮ್ಮ ಅಳತೆ ಜೊತೆ ಇಟ್ಟು ನೋಡಲಿ.

ಕಾವೇರಿ ತೀರ

ನಾನು ಕೊಡಗಿನವಳು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲ ಸುತ್ತ ಗುಡ್ಡ ಕುಸಿದಾಗ ನಮ್ಮ ನೆಂಟರ ಮನೆ ಮಕ್ಕಳು ನಮ್ಮಲ್ಲೇ ಇದ್ದರು. ಎಲ್ಲರೂ ಪುಸ್ತಕ ತಂದು ಕೊಟ್ಟರು, ಬ್ಯಾಗ್ ಕೊಟ್ಟರು. ಅದಕ್ಕೆ ನಾವು ಋಣಿಗಳು. ಆದರೆ "ನಿನಗೆ ಹೆದರಿಕೆ ಆಗುತ್ತಾ" ಅಂತ ಕೇಳಿದವರು ಕಡಿಮೆ. ರಾತ್ರಿ ಮಳೆ ಜೋರಾದರೆ ಚಿಕ್ಕವನು ಎದ್ದು ಕೂರುತ್ತಿದ್ದ. ಮುಂದಿನ ವರ್ಷದ ಮಳೆಗಾಲದಲ್ಲೂ ಅದು ಹೋಗಿರಲಿಲ್ಲ.

ಟೀಚರ್, ನಿಮ್ಮ ಮಕ್ಕಳು ತಾವು ದಿನಾ ಕೂರುತ್ತಿದ್ದ ಕೋಣೆ ಬಿದ್ದದ್ದನ್ನು ನೋಡಿದ್ದಾರೆ. ನಾವು ಒಳಗಿದ್ದಿದ್ದರೆ ಅಂತ ಅವರಿಗೆ ಅನ್ನಿಸಿಯೇ ಇರುತ್ತದೆ. ಮೊದಲ ದಿನ ಪಾಠ ಬೇಡ. ಗೋಡೆ ಯಾಕೆ ಬಿತ್ತು ಅಂತ ನಿಜವನ್ನೇ ಹೇಳಿ. ಚಿತ್ರ ಬರೆಯಲು ಬಿಡಿ, ಮಾತಾಡಲು ಬಿಡಿ. ಹೆದರಬೇಡ ಅಂತ ಬಾಯಿ ಮುಚ್ಚಿಸಬೇಡಿ.

ಗುಂಡ್ಲುಪೇಟೆ ಗಾಡಿ

ಅಕ್ಕ ಹೇಳಿದ್ದು ನಿಜ. ನಮ್ಮ ಪಕ್ಕದ ವಯನಾಡಿನಲ್ಲಿ 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋಯಿತು. ಮುಂಡಕ್ಕೈ, ವೆಳ್ಳಾರ್‌ಮಲ ಶಾಲೆಗಳ ಮಕ್ಕಳು ಎಷ್ಟೋ ಸಹಪಾಠಿಗಳನ್ನೇ ಕಳೆದುಕೊಂಡರು. ಸೆಪ್ಟೆಂಬರ್ 2ರಂದು ಮೇಪ್ಪಾಡಿಯಲ್ಲಿ ಅವರಿಗೆ ತರಗತಿ ಶುರುವಾಯಿತು. ಅಲ್ಲಿಯವರು ಆ ಮಕ್ಕಳನ್ನು ಬೇರೆ ಶಾಲೆಗಳಿಗೆ ಹಂಚಿ ಕೈ ತೊಳೆದುಕೊಳ್ಳಲಿಲ್ಲ. ಜಾಗ ಬೇರೆ, ಆದರೆ ಶಾಲೆ ಅದೇ, ಟೀಚರ್ ಅದೇ, ಪಕ್ಕ ಕೂರುವ ಗೆಳೆಯರು ಅದೇ. ಪ್ರವೇಶೋತ್ಸವ ಮಾಡಿ ಬರಮಾಡಿಕೊಂಡರು. ನಿಮ್ಮ ಮಕ್ಕಳನ್ನು ಪಕ್ಕದ ಶಾಲೆಗೆ ಸೇರಿಸಿ ಅಂತ ಯಾರಾದರೂ ಸಲಹೆ ಕೊಟ್ಟರೆ ಇದನ್ನು ಹೇಳಿ.

ರಾಗಿಮುದ್ದೆ

ಇದು ಗೊತ್ತಿರಲಿಲ್ಲ. ಓದಿ ಸಮಾಧಾನವಾಯಿತು.

ಬಿಸಿಯೂಟದ ಅಕ್ಕ

ಎಲ್ಲರೂ ಪಾಠ ಅಂತೀರಿ. ಊಟ? ನಾನು ಶಾಲೆಯಲ್ಲಿ ಅಡುಗೆ ಮಾಡುವವಳು. ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರುವ ಮಕ್ಕಳು ಯಾರು ಅಂತ ನಮಗೆ ಗೊತ್ತಿರುತ್ತದೆ. ಶಾಲೆ ಬಂದ್ ಅಂದರೆ ಹಾಲು, ಊಟ, ಮೊಟ್ಟೆ ಎಲ್ಲ ಬಂದ್. ಕೊರೊನಾ ಕಾಲದಲ್ಲಿ ಅಕ್ಕಿ, ಬೇಳೆ ಲೆಕ್ಕ ಹಾಕಿ ಮನೆಗೆ ಕೊಟ್ಟಿದ್ದರು. ಬಿಸಿಯೂಟ ನೋಡಿಕೊಳ್ಳುವ ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರನ್ನು ಕೇಳಿ. ಬೇರೆ ಜಾಗದಲ್ಲಿ ಅಡುಗೆ ಮಾಡಲು ಒಪ್ಪಿಗೆ ಬೇಕು. ದಾಸ್ತಾನಿನ ಅಕ್ಕಿ ಒದ್ದೆಯಾಗಿದೆಯಾ ನೋಡಿ, ಮುಗ್ಗಿದ್ದರೆ ಬಳಸಬೇಡಿ. ನಿಮ್ಮ ಶಾಲೆಯ ಅಡುಗೆಯವರನ್ನೂ ಸಭೆಗೆ ಕರೆಯಿರಿ. ಅವರಿಗೂ ಕೆಲಸ ಹೋಗುತ್ತದೆ ಅನ್ನುವ ಭಯ ಇರುತ್ತದೆ.

ಶಿರಸಿ ಅಕ್ಕೋರು

ಅಕ್ಕಾ, ಇಷ್ಟು ಹೊತ್ತು ಇದನ್ನು ಯಾರೂ ಹೇಳಿರಲಿಲ್ಲ. ನಿಮಗೆ ನಮಸ್ಕಾರ.

ಕೋಡ್ ಕನ್ನಡಿಗ

ಟ್ಯಾಬ್ ಬೇಡ ಅಂದರೆ ಬೇಡ. ಸ್ಕೇಲು, ನೋಟ್‌ಬುಕ್, ಬಣ್ಣದ ಪೆನ್ಸಿಲ್, ಛತ್ರಿ, ಕಾರ್ಡ್ ಇಡುವ ಡಬ್ಬಿ, ಏನು ಬೇಕು ಹೇಳಿ. ಅಂಚೆಯಲ್ಲಿ ಬರುತ್ತದಲ್ಲ?

ಹಳ್ಳದಾಚೆ ಟೀಚರ್

ಒಂದು ವಾರದ ಸುದ್ದಿ ಹೇಳುತ್ತೇನೆ. ಎಸ್‌ಡಿಎಂಸಿ ಸಭೆ ಆಯಿತು. ಎರಡು ಅರ್ಜಿ ಬೇರೆ ಬೇರೆಯಾಗಿ ಕೊಟ್ಟೆವು. ಮುದ್ರೆಯ ಫೋಟೋ ಗ್ರೂಪಿಗೆ ಹಾಕಿದ ಮೇಲೆ ಆ ಸುಳ್ಳು ಸುದ್ದಿ ನಿಂತಿತು. ಗುಡ್ಡದ ಮೇಲೆ ಅತಿಥಿ ಶಿಕ್ಷಕಿಯ ಮನೆ ಜಗುಲಿಯಲ್ಲಿ ಗುಂಪು ನಡೆಯುತ್ತಿದೆ. ಹಳ್ಳದ ಆಚೆ ದೇವಸ್ಥಾನದವರು ಜಾಗ ಕೊಟ್ಟರು. ಅಲ್ಲಿಗೆ ನಮ್ಮ ಸಹೋದ್ಯೋಗಿ ಒಬ್ಬರು ರಸ್ತೆಯಲ್ಲೇ ಸುತ್ತಿ ಹೋಗುತ್ತಾರೆ, ಸಂಕ ದಾಟುವುದಿಲ್ಲ. ಕೇರಿಯ ಮಕ್ಕಳಿಗೆ ಪಂಚಾಯಿತಿಯ ಸಮುದಾಯ ಭವನ ಸಿಗುವ ಹಾಗಿದೆ. ಒಪ್ಪಿಗೆ ಪತ್ರ ಕೈಗೆ ಬರಬೇಕು.

ಮೊದಲ ದಿನ ಕೊಡಗಿನ ಅಕ್ಕ ಹೇಳಿದ ಹಾಗೆ ಚಿತ್ರ ಬರೆಸಿದೆವು. ಮೂರನೇ ತರಗತಿ ಹುಡುಗ ಬಿದ್ದ ಗೋಡೆ ಬರೆದು, ಪಕ್ಕದಲ್ಲಿ ಹೊಸ ಗೋಡೆ ಬರೆದು, ಅದಕ್ಕೆ ನಾಲ್ಕು ಕಿಟಕಿ ಇಟ್ಟಿದ್ದ. ಮೊದಲಿದ್ದದ್ದು ಎರಡೇ. ಗಾಳಿ ಬೇಕು ಟೀಚರ್ ಅಂದ.

ಟಿಸಿ ಕೇಳಿದ ಇಬ್ಬರ ಮನೆಗೂ ಹೋಗಿದ್ದೆ. ಒಬ್ಬರು ದಸರಾವರೆಗೆ ನೋಡುತ್ತೇವೆ ಅಂದರು. ಇನ್ನೊಬ್ಬರು ಮಗುವನ್ನು ಬೇರೆ ಶಾಲೆಗೆ ಸೇರಿಸಿ ಆಗಿದೆ. ಆ ಹುಡುಗಿ ಮಾತ್ರ ಈಗಲೂ ಮಳೆ ಲೆಕ್ಕ ಕಳಿಸುತ್ತಾಳೆ. ಅವಳ ಹೆಸರೂ ಚಾರ್ಟಿನಲ್ಲಿ ಇದೆ.

ಊಟದ ವಿಷಯ ಇನ್ನೂ ಆಗಿಲ್ಲ. ಭವನದಲ್ಲಿ ಅಡುಗೆ ಮಾಡಲು ಕೇಳಿದ್ದೇವೆ.

ಹಳೇ ಹೆಡ್‌ಮೇಷ್ಟ್ರು

ಟೀಚರ್, ನೀವು ಮೂವರೂ ಆ ಅತಿಥಿ ಶಿಕ್ಷಕಿಯೂ ಮಾಡುತ್ತಿರುವುದು ದೊಡ್ಡ ಕೆಲಸ. ಗುಂಪುಗಳ ಹಾಜರಿ ಬರೆದಿಡಿ, ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಅವರಿಗೆ ತೋರಿಸಿ ಸಹಿ ಹಾಕಿಸಿ. ಮುಂದೆ ಈ ದಿನಗಳನ್ನು ಶಾಲಾ ದಿನ ಅಂತ ಲೆಕ್ಕಕ್ಕೆ ಕೇಳಲು ಅದು ಬೇಕಾಗುತ್ತದೆ.

ಮಲಪ್ರಭಾ ದಂಡೆ

ಹುಡುಗಿ ಮಳೆ ಲೆಕ್ಕ ಕಳಿಸ್ತಾಳೆ ಅಂದ್ರಲ್ಲ, ಮನಸ್ಸು ತುಂಬಿತು. ಅವರ ಮನೆಗೆ ಆಗಾಗ ಹೋಗುತ್ತಿರಿ.

ಬಿಸಿಯೂಟದ ಅಕ್ಕ

ಭವನದಲ್ಲಿ ಅಡುಗೆ ಅಂದರೆ ಸಿಲಿಂಡರ್ ಇಡಲು ಬೇರೆ ಜಾಗ ಇದೆಯಾ? ಮಕ್ಕಳು ಕೂರುವ ಹಾಲ್‌ನಲ್ಲೇ ಒಲೆ ಹಚ್ಚಬೇಡಿ. ನೀರಿನ ಟ್ಯಾಂಕ್ ತೊಳೆಸಿ. ಶೌಚಾಲಯಕ್ಕೆ ನೀರು ಬರುತ್ತದಾ ಅಂತ ಒಪ್ಪಿಗೆ ಪತ್ರ ಬರುವ ಮೊದಲೇ ಹೋಗಿ ನೋಡಿ.

ಹಳ್ಳದಾಚೆ ಟೀಚರ್

ನಾಳೆ ಬೆಳಿಗ್ಗೆ ನಮ್ಮ ಅಡುಗೆಯವರನ್ನು ಕರೆದುಕೊಂಡು ಹೋಗಿ ನೋಡುತ್ತೇನೆ ಅಕ್ಕ. ಕೋಡ್ ಕನ್ನಡಿಗರೇ, 43 ಸ್ಕೇಲು ಮತ್ತು ಮುಚ್ಚಳ ಗಟ್ಟಿಯಾಗಿರುವ ಮೂರು ಡಬ್ಬಿ ಸಾಕು. ವಿಳಾಸ ಬೇರೆಯಾಗಿ ಕಳಿಸುತ್ತೇನೆ.